ನನಗೆ ಫ್ಲ್ಯಾಶ್‌ಬ್ಯಾಕ್ ಇರಲಿಲ್ಲ

ಎಕಂಬಾದ ನಮ್ಮ ಮನೆಯ ಅಂಗಳದಲ್ಲಿ ನಿಂತರೆ ನಾನು ಕರ್ನಾಟಕದಲ್ಲಿರುತ್ತೇನೆ. ಅದೇ ಮನೆಯ ಮಾಳಿಗೆ ಹತ್ತಿದರೆ ಮಹಾರಾಷ್ಟ್ರದಲ್ಲಿರುತ್ತೇನೆ. ಇದು ನನ್ನ ಮಾತಲ್ಲ, ನನ್ನ ಫೋನಿನದು. ಔರಾದ್ ತಾಲೂಕಿನ ಗಡಿ ಭಾಗದ ಊರು ನಮ್ಮದು. ಮೇಲೆ ಹೋದ ಕೂಡಲೇ ಆಚೆ ಕಡೆಯ ಟವರು ಫೋನನ್ನು ಎಳೆದುಕೊಂಡು 'ಮಹಾರಾಷ್ಟ್ರಕ್ಕೆ ಸ್ವಾಗತ' ಎಂದು ಮೆಸೇಜು ಕಳಿಸುತ್ತದೆ. ಇಳಿದು ಬಂದರೆ ಈಚೆಯ ಟವರು ಅಷ್ಟೇ ಸಡಗರದಿಂದ ಮತ್ತೆ ಬರಮಾಡಿಕೊಳ್ಳುತ್ತದೆ. ಹಪ್ಪಳ ಒಣಗಿಸಲು ಹತ್ತಿ ಇಳಿಯುವ ನಮ್ಮವ್ವ ದಿನಕ್ಕೆ ನಾಲ್ಕು ಸಲ ರಾಜ್ಯ ದಾಟುತ್ತಾಳೆ. 1956ರಲ್ಲಿ ಹಳೆಯ ಬೀದರ್ ಜಿಲ್ಲೆಯನ್ನು ಹಂಚಿದವರು ಉದಗೀರ, ನಿಲಂಗಾ ಆ ಕಡೆಗೆ, ಜಹೀರಾಬಾದ್, ನಾರಾಯಣಖೇಡ ಇನ್ನೊಂದು ಕಡೆಗೆ ಎಂದು ಗೆರೆ ಎಳೆದು ಕೈ ತೊಳೆದುಕೊಂಡರು. ನಮ್ಮ ಮಾಳಿಗೆ ಯಾರ ಪಾಲಿಗೆ ಎನ್ನುವುದು ಮಾತ್ರ ಇತ್ಯರ್ಥವಾಗದೆ ಉಳಿಯಿತು.

2023ರ ಮಳೆಗಾಲದಲ್ಲಿ ನನ್ನ ನಿದ್ದೆ ಹೋಯಿತು. ಹೇಳದೆ ಕೇಳದೆ ಕೆಲಸ ಬಿಟ್ಟುಹೋದ ಆಳಿನ ಹಾಗೆ ಹೋಯಿತು. ರಾತ್ರಿ ಎರಡಕ್ಕೋ ಮೂರಕ್ಕೋ ಎದ್ದು ಮಾಳಿಗೆ ಹತ್ತುವುದು, ತೊಗರಿ ಹೊಲದ ಕಡೆ ಮುಖ ಮಾಡಿ ನಿಲ್ಲುವುದು, ಇಳಿಯುವುದು, ಮತ್ತೆ ಹತ್ತುವುದು. ಪ್ರತಿ ಸಲವೂ ಫೋನು ಕುಂಯ್ ಎಂದು ಸ್ವಾಗತ ಹೇಳುತ್ತಿತ್ತು. ಒಂದು ರಾತ್ರಿ ಅವ್ವ ಕೆಳಗಿನಿಂದ ಕೂಗಿದಳು: "ಯಾರ್ದೋ ಅದು ಫೋನು?"

"ಮಹಾರಾಷ್ಟ್ರದವ್ರು ಅವ್ವಾ. ಬರ್ರಿ ಅಂತಾರ."

"ಇಷ್ಟ್ ರಾತ್ರ್ಯಾಗ ಕರೀತಾರಂದ್ರ ಅವರಿಗೂ ನಿದ್ದಿ ಇಲ್ಲೇನು?"

ಹಗಲು ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದೆ. ಯಾರಾದರೂ ನನ್ನ ಹೆಸರು ಕೂಗಿದ್ದರೆ ನಾನೇ ಗೈರುಹಾಜರು. ಮಕ್ಕಳ ಪ್ರಬಂಧ ತಿದ್ದಲು ಕೆಂಪು ಪೆನ್ನು ಎತ್ತಿದರೆ ಗುದ್ದಲಿ ಎತ್ತಿದಷ್ಟು ದಣಿವು. ಊಟಕ್ಕೆ ಕೂತರೆ ರೊಟ್ಟಿ ಮುರಿಯುವುದನ್ನು ಮರೆತು ತಾಟು ನೋಡುತ್ತ ಕೂತಿರುತ್ತಿದ್ದೆ. ಅವ್ವ ಪುಂಡಿ ಪಲ್ಯಕ್ಕೆ ಎಣ್ಣೆ ಹೆಚ್ಚು ಬಿಟ್ಟು ನೋಡಿದಳು, ಶೇಂಗಾ ಹಿಂಡಿಗೆ ಖಾರ ಜಾಸ್ತಿ ಕುಟ್ಟಿ ನೋಡಿದಳು. ನಾನು ಖಾರ ಅನ್ನಲಿಲ್ಲ, ಸಪ್ಪಗೆ ಅಂತಲೂ ಅನ್ನಲಿಲ್ಲ. ಆಕೆಗೆ ನಿಜವಾಗಿ ದಿಗಿಲು ಬಿದ್ದದ್ದು ಆಗಲೇ. ಅಡುಗೆಗೆ ಹೆಸರಿಡದ ಗಂಡಸೊಬ್ಬ ಮನೆಯಲ್ಲಿದ್ದಾನೆ ಅಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ.

ಊರವರು ತಿಳಿದವರು. ಕಂಡಕಂಡವರೆಲ್ಲ "ಟೆನ್ಶನ್ ತಗೋಬ್ಯಾಡ್ರಿ ಮಾಸ್ತರ" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಟೆನ್ಶನ್ ಏನೋ ಕಿರಾಣಿ ಅಂಗಡಿಯಲ್ಲಿ ಕಟ್ಟಿಟ್ಟಿರುವ ಪುಡಿ, ನಾನು ಗೀಳು ಹತ್ತಿ ದಿನಾ ಎರಡು ಪೊಟ್ಟಣ ತರುತ್ತಿದ್ದೇನೆ ಎನ್ನುವ ಹಾಗೆ. ನಮ್ಮ ಕಡೆ ಈ ಕಾಯಿಲೆಗೆ ಬೇರೆ ಹೆಸರಿಲ್ಲ. ಕನ್ನಡದಲ್ಲಿ 'ಮನಸ್ಸು ಹತ್ತಂಗಿಲ್ಲ', ಉರ್ದು ಬೆರೆತರೆ 'ದಿಲ್ ಲಗಲ್ಲ', ಮರಾಠಿಯಲ್ಲಿ 'ಕರಮತ್ ನಾಹಿ', ಎಲ್ಲ ಭಾಷೆ ಸೇರಿ 'ಟೆನ್ಶನ್'. ಹುಚ್ಚಿಗೆ ಮಾತ್ರ ಪದಗಳು ಮೂಟೆಗಟ್ಟಲೆ ಇವೆ. ನಡುವಿನ ದೊಡ್ಡ ಬಯಲಿಗೆ, ನಾನು ರಾತ್ರಿ ಅಲೆಯುತ್ತಿದ್ದ ಜಾಗಕ್ಕೆ, ಊರಿನ ನಾಲ್ಕು ಭಾಷೆಗಳಲ್ಲಿ ಯಾವುದೂ ಬೋರ್ಡು ಹಾಕಿರಲಿಲ್ಲ.

ಪುಡಿಯ ಮಾತು ಮುಗಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಯಾಕ?" ಹೊಲದ ತಕರಾರು ಏನಾದರೂ? ಇಲ್ಲ. ಸೋಯಾ ಹೋಯಿತೇ? ಆ ವರ್ಷ ತಕ್ಕಮಟ್ಟಿಗೆ ಬಂದಿತ್ತು. ಪಗಾರ? ತಿಂಗಳಿಗೆ ಸರಿಯಾಗಿ ಆಗುತ್ತಿತ್ತು. ಮಗಳು ಬೀದರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಚೆನ್ನಾಗಿಯೇ ಓದುತ್ತಿದ್ದಳು. ಹೆಂಡತಿಯೊಂದಿಗೆ ಜಗಳವೇ? ಜಗಳವಾಡುವುದಕ್ಕೂ ತ್ರಾಣ ಬೇಕಲ್ಲ. ಕಾರಣ ಸಿಗದೆ ಜನರಿಗೆ ನನ್ನ ಮೇಲೆ ಸಣ್ಣ ಅಸಮಾಧಾನವೇ ಹುಟ್ಟಿತು. ನನಗಂತೂ ನಾಚಿಕೆ. ಇಷ್ಟು ದೊಡ್ಡ ಕಾಯಿಲೆ ಇಟ್ಟುಕೊಂಡು, ಹೇಳಿಕೊಳ್ಳಲು ಒಂದು ಕತೆಯೂ ಇಲ್ಲವಲ್ಲ!

ಈ ನಾಚಿಕೆ ನನಗೆ ಕಲಿಸಿದ್ದು ಸಿನಿಮಾ ಎಂದು ಆಮೇಲೆ ಹೊಳೆಯಿತು. ಮನಸ್ಸು ಕೆಟ್ಟವರನ್ನು ನಾನು ಮೊದಲು ಕಂಡದ್ದು ಪರದೆಯ ಮೇಲೆ. ಅಲ್ಲಿ ಯಾರಿಗೂ ಬಿಟ್ಟಿ ಹುಚ್ಚು ಹಿಡಿಯುವುದಿಲ್ಲ. ವೀಣೆಯ ಸದ್ದು ಬರುತ್ತದೆ, ಚಿತ್ರ ನೀರಿನಲ್ಲಿ ಅಲುಗಿದಂತೆ ಅಲುಗುತ್ತದೆ, ಹಿಂದಿನದೊಂದು ಘಟನೆ ತೆರೆದುಕೊಳ್ಳುತ್ತದೆ, ಓಹೋ ಇದಕ್ಕೇ ಎಂದು ನಾವು ಶೇಂಗಾ ಸಿಪ್ಪೆ ಉಗುಳಿ ನಿಟ್ಟುಸಿರು ಬಿಡುತ್ತೇವೆ. ನಾನು ಮಾಳಿಗೆಯ ಮೇಲೆ ನಿಂತು ಎಷ್ಟೋ ರಾತ್ರಿ ನನ್ನ ಫ್ಲ್ಯಾಶ್‌ಬ್ಯಾಕಿಗಾಗಿ ಹುಡುಕಾಡಿದ್ದೇನೆ. ಬಾಲ್ಯದಲ್ಲಿ ಬಾವಿಗೆ ಬಿದ್ದದ್ದು ಒಂದು ನೆನಪಾಯಿತು. ಬಿದ್ದವನು ನಗುತ್ತಲೇ ಮೇಲೆ ಬಂದಿದ್ದೆ. ಉಪಯೋಗಕ್ಕೆ ಬರಲಿಲ್ಲ.

ನಮ್ಮ ಮನೆಗೆ ಟಿವಿ ಬಂದದ್ದು 'ಮಹಾಭಾರತ'ದ ಕಾಲಕ್ಕೆ, 1988ರ ಕೊನೆಗೆ. ಟಿವಿ ವಿಷಯದಲ್ಲಿ ನಮ್ಮ ಸೀಮೆಗೊಂದು ಹೆಮ್ಮೆ ಇದೆ: ಕಲಬುರಗಿಯಲ್ಲಿ ದೂರದರ್ಶನದ ಪ್ರಸಾರ 1977ರಲ್ಲೇ ಶುರುವಾಯಿತು, ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಬೆಂಗಳೂರಿಗಿಂತ ಮೊದಲು ನಮಗೆ ಸಿಕ್ಕ ವಸ್ತುಗಳ ಪಟ್ಟಿ ಮಾಡಿದರೆ ಬಿಸಿಲಿನ ನಂತರ ಇದೇ ಬರುತ್ತದೆ. ಆದರೆ ಕಲಬುರಗಿಯಿಂದ ಎಕಂಬಾಗೆ ಆ ಚಿತ್ರ ನಡೆದು ಬರುವಷ್ಟರಲ್ಲಿ ಬಳಲಿ ಹೋಗುತ್ತಿತ್ತು. ಅಪ್ಪ ಮಾಳಿಗೆಯ ಮೇಲೆ ಆಂಟೆನಾದ ಕೋಲು ಹಿಡಿದು ತಿರುಗಿಸುವವರು, ನಾನು ಮೆಟ್ಟಿಲ ನಡುವೆ ನಿಂತು ಸುದ್ದಿ ಮುಟ್ಟಿಸುವವನು, ಒಳಗೆ ಅವ್ವ ಪರದೆ ನೋಡಿ ತೀರ್ಪು ಕೊಡುವವಳು. "ಬಂತು… ಹೋಯ್ತು… ಬಂತು, ಅಲುಗಾಡಬ್ಯಾಡ್ರಿ!" ಒಂದಿಷ್ಟು ಈ ಕಡೆ ವಾಲಿದರೆ ಕನ್ನಡ, ಒಂದಿಷ್ಟು ಆ ಕಡೆ ವಾಲಿದರೆ ತೆಲುಗು, ಎತ್ತ ವಾಲಿದರೂ ಚುಕ್ಕಿ ಮಳೆ. ಹೊಲಕ್ಕೆ ಬಾರದ ಮಳೆಯೆಲ್ಲ ನಮ್ಮ ಟಿವಿಯಲ್ಲಿ ಸುರಿಯುತ್ತಿತ್ತು.

ಆ ಮಳೆಯಲ್ಲೇ ಒಂದು ಭಾನುವಾರ 'ಶರಪಂಜರ' ನೋಡಿದೆವು. ಪುಟ್ಟಣ್ಣ ಕಣಗಾಲರ ಚಿತ್ರ, ಕಾವೇರಿಯಾಗಿ ಕಲ್ಪನಾ. ಹೆರಿಗೆಯ ನಂತರ ಮನಸ್ಸು ಕದಡಿ ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬರುವ ಹೆಣ್ಣು. ಮನೆಯವರು, ಗಂಡ, ನೆರೆಹೊರೆ, ಕೆಲಸದವರು ಎಲ್ಲರೂ ಆಕೆಯನ್ನು ಇನ್ನೂ ಹುಚ್ಚಿಯೆಂದೇ ನೋಡಿ ನೋಡಿ ಮತ್ತೆ ಹುಚ್ಚಿಯನ್ನಾಗಿ ಮಾಡಿ ಕಳಿಸುತ್ತಾರೆ. ನಾನಾಗ ಹನ್ನೆರಡರ ಹುಡುಗ. ನನಗೆ ನೆನಪಿರುವುದು ಸಿನಿಮಾಕ್ಕಿಂತ ಅವ್ವನ ಕೈ. ಮಡಿಲಲ್ಲಿ ಮೊರ, ಮೊರದಲ್ಲಿ ತೊಗರಿಬೇಳೆ. ಹರಳು ಆರಿಸುತ್ತಿದ್ದ ಬೆರಳು ಸುಮಾರು ಹೊತ್ತಿನಿಂದ ಒಂದೇ ಹರಳನ್ನು ಹಿಡಿದು ಹಾಗೆಯೇ ನಿಂತಿತ್ತು. ಸಿನಿಮಾ ಮುಗಿದ ಮೇಲೆ ಆಕೆ ಅದನ್ನು ಎಸೆಯುವ ಬದಲು ಬೇಳೆಗೇ ಹಾಕಿಬಿಟ್ಟಳು. "ಆಕಿಗಿ ಹುಚ್ಚು ಬಿಟ್ಟಿತ್ತು," ಅಂದಳು. "ಊರಿಗಿ ಬಿಡಲಿಲ್ಲ."

ಆ ಮಾತು ಕಾವೇರಿಯ ಬಗ್ಗೆ ಮಾತ್ರವಲ್ಲ ಎಂದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ನಮ್ಮ ಕಡೆ 'ಬಾಣಂತಿ ಸನ್ನಿ' ಎಂದು ಕರೆಯುತ್ತಾರೆ. ಅವ್ವನ ತಂಗಿಗೆ ಆಗಿತ್ತಂತೆ, ಮೊದಲ ಹೆರಿಗೆಯ ನಂತರ. ಮೂರು ತಿಂಗಳಲ್ಲಿ ಅದು ತಾನಾಗಿ ಇಳಿದೂ ಹೋಯಿತಂತೆ. ಆದರೆ ಆಮೇಲೆ ಜೀವಮಾನವಿಡೀ ಆ ಚಿಕ್ಕಮ್ಮ ಜೋರಾಗಿ ನಕ್ಕರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆಕೆ ನಗುವುದನ್ನೇ ಬಿಟ್ಟಳು. ನಾನು ಕಂಡ ಚಿಕ್ಕಮ್ಮ ಸೆರಗು ಬಾಯಿಗೆ ಹಿಡಿದೇ ಮಾತನಾಡುತ್ತಿದ್ದಳು. ನಾಚಿಕೆ ಸ್ವಭಾವ ಎಂದುಕೊಂಡಿದ್ದೆ.

'ಶರಪಂಜರ'ದ ಮೂಲ ಕಾದಂಬರಿ ಓದಿದ್ದು ಆಮೇಲೆ, ಟಿ.ಸಿ.ಎಚ್. ಮಾಡುವಾಗ. ಬರೆದ ತ್ರಿವೇಣಿ ಮನಶ್ಶಾಸ್ತ್ರ ಓದಿದವರು, ಹೀಗಾಗಿ ಆ ಕಾಯಿಲೆ ಅವರ ಕೈಯಲ್ಲಿ ದೆವ್ವವಾಗದೆ ಕಾಯಿಲೆಯಾಗಿಯೇ ಉಳಿಯಿತು. 'ಬೆಕ್ಕಿನ ಕಣ್ಣು', 'ದೂರದ ಬೆಟ್ಟ', ಯಾವುದನ್ನು ತೆಗೆದರೂ ಮನಸ್ಸಿನ ಯಾವುದೋ ಮೂಲೆಯಲ್ಲಿ ಕಂದೀಲು ಹಿಡಿದು ನಿಂತಿರುತ್ತಾರೆ. ಅವರು 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಹೋದರು. ಮೂವತ್ತೈದು ತುಂಬಿರಲಿಲ್ಲ. ಇದನ್ನು ಅವ್ವನಿಗೆ ಹೇಳಿದಾಗ ಆಕೆ, "ಬಾಣಂತಿ ಕತಿ ಬರದಾಕಿ ಬಾಣಂತನದಾಗೇ ಹೋದಳಾ?" ಎಂದು ಕೇಳಿ ಬಹಳ ಹೊತ್ತು ಸುಮ್ಮನಿದ್ದಳು.

ಅಪ್ಪನಿಗೆ ಈ ವಿಷಯದ ಜ್ಞಾನವೆಲ್ಲ 'ಮಾನಸ ಸರೋವರ'ದಿಂದ ಬಂದದ್ದು. 1982ರ ಚಿತ್ರ, ಅದೂ ಪುಟ್ಟಣ್ಣನವರದೇ. ಅದರಲ್ಲಿ ಶ್ರೀನಾಥ್ ಮನೋವೈದ್ಯ. ಹುಡುಗಿಯನ್ನು ಗುಣಪಡಿಸಿ, ಆಕೆಯನ್ನೇ ಪ್ರೀತಿಸಿ, ಆಕೆ ಬೇರೆಯವನ ಕಡೆ ಹೊರಳಿದಾಗ ತಾನೇ ಹುಚ್ಚನಾಗುತ್ತಾನೆ. ಅಪ್ಪ ಇದರಿಂದ ಕಲಿತ ಪಾಠ ಒಂದೇ: "ಆ ಡಾಕ್ಟರ್ ಹತ್ರ ಹೋಗಬಾರದು. ಹೋದವ್ರು ಆರಾಮ ಆಗ್ತಾರ, ಡಾಕ್ಟರ್ ಹಾಳಾಗ್ತಾನ. ಪಾಪ ತಟ್ಟತದ." ಅಪ್ಪ ಈಗಿಲ್ಲ. ಇದ್ದಿದ್ದರೆ ಡಾಕ್ಟರ ಹಿತಕ್ಕಾಗಿಯೇ ನನ್ನನ್ನು ತಡೆಯುತ್ತಿದ್ದರು.

ಇನ್ನು ಹುಚ್ಚಾಸ್ಪತ್ರೆಗಳ ಹೆಸರು. ಈ ವಿಷಯದಲ್ಲಿ ಗಡಿನಾಡಿನವರಷ್ಟು ಸಿರಿವಂತರು ಯಾರೂ ಇಲ್ಲ. ಕನ್ನಡ ಮಾತನಾಡುವವರು ಬೈದರೆ "ಧಾರವಾಡಕ್ಕ ಕಳಸ್ಬೇಕು ನಿನಗ" ಅನ್ನುತ್ತಾರೆ. ಹೈದರಾಬಾದಿನ ಗಾಳಿ ಬಡಿದವರು ಎರ್ರಗಡ್ಡ ತೋರಿಸುತ್ತಾರೆ. ಮರಾಠಿಯವರು ಪುಣೆಯ ಯೆರವಡಾಕ್ಕೆ ಟಿಕೀಟು ಕೊಡಿಸುತ್ತಾರೆ. ನಾವು ಹುಡುಗರು ಈ ಮೂರು ಊರುಗಳನ್ನು ನಕಾಶೆಯಲ್ಲಿ ನೋಡುವ ಮೊದಲೇ ಬೈಗುಳಗಳಲ್ಲಿ ಕಲಿತಿದ್ದೆವು. ಧಾರವಾಡ ಎಂದರೆ ಬೇಂದ್ರೆಯವರ ಊರು ಎಂದು ಪಾಠ ಮಾಡಿದಾಗ ಈಗಲೂ ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬ ಕಿಸಕ್ ಎನ್ನುತ್ತಾನೆ.

'ಆಪ್ತಮಿತ್ರ' ಬಂದದ್ದು 2004ರಲ್ಲಿ. ನಾಗವಲ್ಲಿಯಾಗಿ ಕುಣಿದ ಸೌಂದರ್ಯ ಆ ಏಪ್ರಿಲ್‌ನಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಸಿನಿಮಾ ಬಿಡುಗಡೆಯಾದದ್ದು ಆಗಸ್ಟಿನಲ್ಲಿ. ಭಾಲ್ಕಿಯಲ್ಲಿ ನೋಡಿ ಬರುವಾಗ ಟಂಟಂನಲ್ಲಿ ಕೂತವರೆಲ್ಲ ಅದೇ ಮಾತು, ಸತ್ತವಳೇ ಬಂದು ಕುಣಿದ ಹಾಗಿತ್ತು ಎಂದು. ಆ ಚಿತ್ರದಿಂದ ನಮ್ಮೂರಿಗೆ ಒಂದು ಉಪಕಾರ ಆಯಿತು, ಒಂದು ಅಪಕಾರ. ದೆವ್ವ ಎನ್ನುವುದರ ಹಿಂದೆ ಮನಸ್ಸಿನ ಕಾಯಿಲೆ ಇರಬಹುದು ಎಂದು ಪಾರಿಗೆ ಕೂತು ಹರಟುವ ಮುದುಕರಿಗೂ ತಿಳಿಯಿತು. ಆದರೆ ಅಂದಿನಿಂದ ಊರಿನಲ್ಲಿ ಯಾವ ಸೊಸೆ ದನಿ ಏರಿಸಿದರೂ ಆಕೆಗೆ ನಾಗವಲ್ಲಿ ಎಂದು ಹೆಸರು ಬಿತ್ತು. ಡಾಕ್ಟರ್ ವಿಜಯ್ ಆಗಿ ವಿಷ್ಣುವರ್ಧನ್, ತಾನೇ ನಾಗವಲ್ಲಿ ಎಂದುಕೊಂಡ ಗಂಗಾಳ ಬಾಲ್ಯವನ್ನು ಕೆದಕಿ ಕಾರಣ ಹೆಕ್ಕಿ ತಂದು, ಒಂದು ದೊಡ್ಡ ರಾತ್ರಿಯ ಕುಣಿತದಲ್ಲಿ ಕಾಯಿಲೆಯನ್ನು ಬುಡಸಮೇತ ಕಿತ್ತು ಹಾಕುತ್ತಾರೆ. ನನ್ನ ಡಾಕ್ಟರಿಗೆ ಒಂಬತ್ತು ತಿಂಗಳು ಬೇಕಾಯಿತು. ಕುಣಿತವೂ ಇರಲಿಲ್ಲ. ಬದಲಿಗೆ "ಮಲ ಸರಿಯಾಗಿ ಹೋಗುತ್ತಾ?" ಎಂದು ಕೇಳಿದರು. ಈ ಸಂಭಾಷಣೆಯನ್ನು ಯಾವ ನಿರ್ದೇಶಕನೂ ಬರೆಸುವುದಿಲ್ಲ.

ಡಾಕ್ಟರಿಗಿಂತ ಮೊದಲು ಗಾಣಗಾಪುರವಾಯಿತು. ಅವ್ವನ ಹರಕೆ. ಔರಾದ್‌ನಿಂದ ಬೀದರ್, ಬೀದರಿನಿಂದ ಕಲಬುರಗಿ, ಅಲ್ಲಿಂದ ಮುಂದೆ. ಮೂರು ಬಸ್ಸು, ಒಂದು ಬುತ್ತಿ. ಭೀಮಾ ಅಮರಜಾ ಸಂಗಮದಲ್ಲಿ ಮುಳುಗಿ, ಮಧ್ಯಾಹ್ನದ ಆರತಿಯ ಹೊತ್ತಿಗೆ ದತ್ತನ ಗುಡಿಯಲ್ಲಿ ನಿಂತೆವು. ಗಂಟೆ ಜಾಗಟೆ ಶುರುವಾಗುತ್ತಲೂ ಅಲ್ಲಿ ಮೈಮೇಲೆ ಬಂದವರು ಚೀರುತ್ತಾರೆ, ಕೂದಲು ಬಿಚ್ಚಿ ತೂಗುತ್ತಾರೆ, ಕಂಬ ಹತ್ತುತ್ತಾರೆ. ನಾನು ಇದನ್ನು ನಗೆಯಾಡುವವನಲ್ಲ. ನನ್ನ ಪಕ್ಕದಲ್ಲಿ ಚೀರಿ ಚೀರಿ ಸುಸ್ತಾದ ಹೆಂಗಸೊಬ್ಬಳು ಆಮೇಲೆ ಕಟ್ಟೆಯ ಮೇಲೆ ಕೂತು ಮಂಡಾಳ ತಿನ್ನುತ್ತಿದ್ದಾಗ ಮುಖದಲ್ಲಿದ್ದ ಹಗುರವನ್ನು ನಾನು ಕಂಡಿದ್ದೇನೆ, ಹೊಟ್ಟೆಕಿಚ್ಚೂ ಪಟ್ಟಿದ್ದೇನೆ. ವರ್ಷಕ್ಕೊಮ್ಮೆಯಾದರೂ ಜೋರಾಗಿ ಕಿರುಚಲು ಆಕೆಗೆ ಬೇರೆ ಜಾಗ ಯಾರು ಕೊಟ್ಟಿದ್ದಾರೆ? ನಾನು ಮಾತ್ರ ಕೈಮುಗಿದು ಬ್ಯಾಂಕಿನ ಸರತಿಯಲ್ಲಿ ನಿಂತವನ ಹಾಗೆ ನಿಂತಿದ್ದೆ. ಅವ್ವ ಓರೆಗಣ್ಣಿನಲ್ಲಿ ಕಾಯುತ್ತಿದ್ದಳು. ಆರತಿ ಮುಗಿಯಿತು. "ಇಷ್ಟ್ ದೂರ ಬಂದೀವಿ," ಅಂದಳು ಬೇಸರದಲ್ಲಿ. "ಒಂದ್ ಸಲನಾರೆ ಚೀರಬಾರದೇನೋ ಯಪ್ಪಾ?"

ಚೀರುವುದಕ್ಕೆ ಒಳಗೆ ಏನಾದರೂ ಇರಬೇಕು. ನನ್ನ ಒಳಗಿದ್ದದ್ದು ಖಾಲಿ ಕಣಜ.

ಆ ವಾರವೇ ಒಂದು ರಾತ್ರಿ ಮಾಳಿಗೆಯ ಮೇಲಿದ್ದವನು 14416ಕ್ಕೆ ಫೋನ್ ಹಚ್ಚಿದೆ. ಟೆಲಿ ಮಾನಸ್ ಎಂದು ಅದರ ಹೆಸರು, 2022ರ ಅಕ್ಟೋಬರಿನಲ್ಲಿ ಶುರುವಾದ ಸಹಾಯವಾಣಿ. ನಂಬರು ಶಾಲೆಯ ಗೋಡೆಯ ಪೋಸ್ಟರಿನಲ್ಲಿತ್ತು, ಅದನ್ನು ಮಕ್ಕಳಿಗೆ ಓದಿ ಹೇಳಿದವನೂ ನಾನೇ. ಹಚ್ಚುವ ಮೊದಲು ಕೆಳಗಿಳಿದು ಬಂದೆ. ಮಹಾರಾಷ್ಟ್ರದಲ್ಲಿ ನಿಂತು ಕನ್ನಡದಲ್ಲಿ ದುಃಖ ಹೇಳಿಕೊಂಡರೆ ಯಾರಿಗೆ ಸೇರುತ್ತದೋ ಎಂದು. ಆ ಕಡೆಯ ಹುಡುಗಿ ಕಾರಣ ಕೇಳಲಿಲ್ಲ. ಎಷ್ಟು ದಿನದಿಂದ, ಊಟ ಹೇಗೆ, ನಿದ್ದೆ ಹೇಗೆ, ಜೀವ ಬೇಡ ಅನ್ನಿಸಿದೆಯೇ ಎಂದು ಕೇಳಿದಳು. ಕೊನೆಯ ಪ್ರಶ್ನೆಯನ್ನು ಆಕೆ 'ಮಳೆ ಆಯ್ತಾ' ಎನ್ನುವಷ್ಟು ಸರಳವಾಗಿ ಕೇಳಿದಳು, ಅದಕ್ಕೇ ನಾನೂ ಸುಳ್ಳು ಹೇಳಲಿಲ್ಲ. ಮಾತು ಮುಗಿದಾಗ ಮೆಟ್ಟಿಲ ಕೆಳಗೆ ಹೆಂಡತಿ ಕೂತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ! ಬೆಳಗಾಗುವ ಮುಂಚೆ ಆಕೆ ಮಗಳಿಗೆ ಫೋನ್ ಮಾಡಿದ್ದಳು.

ಮಗಳು ಬಂದವಳೇ, "ಅಪ್ಪಾ, ಶುಗರ್ ಬಂದಿದ್ರ ಗುಳಗಿ ತಗೊಂತಿದ್ದಿ ಇಲ್ಲೋ?" ಅಂದಳು.

"ಶುಗರ್‌ಗೆ ಕಾರಣ ಇರ್ತದಲ್ಲ ಅವ್ವಿ."

"ಅಜ್ಜನಿಗಿ ಶುಗರ್ ಇತ್ತು. ಅಂವ ಸಕ್ಕರಿ ಮೂಸೂ ನೋಡ್ತಿರಲಿಲ್ಲ."

ಮಂಗಳವಾರ ಔರಾದ್‌ಗೆ ಹೋದೆವು. 'ಮನೋಚೈತನ್ಯ' ಎಂಬ ಸರ್ಕಾರದ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ಸುಮಾರು 700 ಕಿಲೋಮೀಟರ್. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಆರಾಮಿದ್ದವನಿಗೂ ತಲೆ ಕೆಡುತ್ತದೆ. ಇದನ್ನು ಅರಿತ ನಿಮ್ಹಾನ್ಸ್‌ನವರೇ ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಸಣ್ಣ ಊರಿನ ಸಾಮಾನ್ಯ ಡಾಕ್ಟರಿಗೂ ನರ್ಸಿಗೂ ಕಲಿಸಿದರೆ ಮನಸ್ಸಿನ ಕಾಯಿಲೆಯನ್ನು ಊರಲ್ಲೇ ನೋಡಿಕೊಳ್ಳಬಹುದೆಂದು ಮಾಡಿ ತೋರಿಸಿದರು. 1996ರಲ್ಲಿ ಶುರುವಾಗಿ ದೇಶಕ್ಕೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆ ಬಳ್ಳಾರಿಯೇ. ನಮ್ಮ ಸೀಮೆಯಿಂದ ಗಣಿ ಧೂಳು ಮಾತ್ರ ಹೊರಗೆ ಹೋಗಿದೆ ಎನ್ನುವವರಿಗೆ ಇದನ್ನು ಹೇಳಬೇಕು.

ಸರತಿಯಲ್ಲಿ ನನ್ನ ಮುಂದೆ ಇದ್ದವರು ಪಕ್ಕದೂರಿನ ಕಿರಾಣಿ ಅಂಗಡಿಯ ಸಾಹುಕಾರರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ತಪ್ಪಿಸಿಕೊಳ್ಳಲು ಕಂಬ ಸಾಲದೆ ಹಲ್ಲು ಕಿರಿದೆವು.

"ಏನ್ರಿ ಮಾಸ್ತರ, ಈ ಕಡಿ?"

"ಬಿ.ಪಿ. ತೋರ್ಸಲಾಕ ಬಂದಿನ್ರಿ ಸಾಹುಕಾರ. ನೀವು?"

"ನಮ್ದೂ ಬಿ.ಪಿ.ನೇ ನೋಡ್ರಿ."

ಬಿ.ಪಿ. ನೋಡುವ ಸರತಿ ಆಚೆ ಬದಿಯಲ್ಲಿತ್ತು. ಇಬ್ಬರಿಗೂ ಅದು ಕಾಣುತ್ತಿತ್ತು. ಮುಂದಿನ ತಿಂಗಳುಗಳಲ್ಲಿ ನಾವು ಎಷ್ಟೋ ಮಂಗಳವಾರ ಸಿಕ್ಕಿದ್ದೇವೆ, "ಬಿ.ಪಿ. ಹ್ಯಾಂಗದ?" "ಇಳದದ್ರಿ, ರಾತ್ರಿ ನಿದ್ದಿ ಬರ್ಲತ್ತದ" ಎಂದು ಮಾತಾಡಿದ್ದೇವೆ. ಟೆನ್ಶನ್ ಪುಡಿಯ ನಿಜವಾದ ವ್ಯಾಪಾರಿಗೇ ಈ ಕಾಯಿಲೆ ಬಂದಿತ್ತು ಎನ್ನುವುದು ನನಗೆ ಒಳಗೊಳಗೇ ಸಮಾಧಾನ ಕೊಟ್ಟಿತು. ದೇವರು ಕ್ಷಮಿಸಲಿ.

ಡಾಕ್ಟರು ತೆಂಕಣ ಸೀಮೆಯ ಹುಡುಗ. ಎಲ್ಲ ಕೇಳಿ, ಬರೆದುಕೊಂಡು, "ಇದಕ್ಕೆ ಖಿನ್ನತೆ ಅಂತಾರೆ" ಅಂದರು. ನಾನು ಕನ್ನಡ ಮಾಸ್ತರ, ಆ ಪದಕ್ಕೆ ಎಷ್ಟೋ ಸಲ ಅರ್ಥ ಬರೆಸಿದ್ದೇನೆ, ವಿರುದ್ಧ ಪದವನ್ನೂ ಬರೆಸಿದ್ದೇನೆ. ಅದು ನನ್ನ ಮೈಮೇಲೆ ಕೂತಿದ್ದಾಗ ಗುರುತು ಹಿಡಿಯಲಿಲ್ಲ. ಜೊತೆಗೆ ಬಂದಿದ್ದ ಅವ್ವ ಅದನ್ನು ಗುಳಿಗೆಯ ಹೆಸರೆಂದುಕೊಂಡು, "ಖಿನ್ನತಿ ದಿನಕ್ಕ ಎಷ್ಟ್ ಸಲ ಕೊಡ್ಲಿರಿ ಸಾಹೇಬ್ರ?" ಎಂದಳು. ಡಾಕ್ಟರು ನಗಲಿಲ್ಲ, ಅದು ಅವರ ದೊಡ್ಡತನ. ನಾನು ನಕ್ಕೆ. ಮೂರು ತಿಂಗಳಲ್ಲಿ ಮೊದಲ ಸಲ. ಅವ್ವ ಇಂದಿಗೂ ನನ್ನನ್ನು ಗುಣಪಡಿಸಿದ್ದು ತಾನೇ ಎಂದು ಹೇಳಿಕೊಳ್ಳುತ್ತಾಳೆ.

ಹೊರಡುವ ಮುಂಚೆ ಕೇಳಿಯೇಬಿಟ್ಟೆ: "ಕಾರಣ ಏನ್ರಿ ಡಾಕ್ಟ್ರೇ?" ಅವರು ಪೆನ್ನಿನ ಮುಚ್ಚಳ ಹಾಕುತ್ತ, "ಕೆಲವರಿಗೆ ಇರುತ್ತೆ, ಕೆಲವರಿಗೆ ಇರಲ್ಲ. ಇರಲೇಬೇಕು ಅಂತೇನಿಲ್ಲ ಸರ್" ಅಂದರು. ಇಷ್ಟೇ. ಇದನ್ನು ಯಾರಾದರೂ ಆಷಾಢದಲ್ಲೇ ಹೇಳಿದ್ದರೆ ಬಾವಿಗೆ ಬಿದ್ದ ಹುಡುಗನನ್ನು ನಾನು ಅಷ್ಟು ರಾತ್ರಿ ಎಬ್ಬಿಸಿ ವಿಚಾರಣೆ ಮಾಡುತ್ತಿರಲಿಲ್ಲ.

ಗುಳಿಗೆ ಕೆಲಸ ಮಾಡಲು ಎರಡು ಮೂರು ವಾರ ಬೇಕು ಎಂದಿದ್ದರು. ಆ ವಾರಗಳನ್ನು ಹೆಂಡತಿ ಕಾದಳು, ನಾನಲ್ಲ. ಹಳೆಯ ಕುಂಕುಮದ ಭರಣಿ ತೊಳೆದು ಗುಳಿಗೆ ಎಣಿಸಿ ಹಾಕಿ, ರಾತ್ರಿ ಒಂದನ್ನು ತಾಟಿನ ಅಂಚಿಗೆ ಉಪ್ಪಿನ ಪಕ್ಕದಲ್ಲಿ ಇಡುತ್ತಿದ್ದಳು. ಭರಣಿ ಎಷ್ಟು ತೊಳೆದರೂ ಗುಳಿಗೆಗೆ ಕೆಂಪು ಹತ್ತುತ್ತಿತ್ತು. ಕುಂಕುಮ ಹಚ್ಚಿದ ಗುಳಿಗೆ ನುಂಗಿದ್ದರಿಂದ ಗಾಣಗಾಪುರಕ್ಕೂ ಆಸ್ಪತ್ರೆಗೂ ಸಮಪಾಲು ಸಿಕ್ಕಿತು.

ಓದಲು ಶುರು ಮಾಡಿದ್ದು ಆಮೇಲೆ. ಭಾಲ್ಕಿಯ ಬಸ್ ನಿಲ್ದಾಣದ ಬದಿಯ ಪುಸ್ತಕದ ಅಂಗಡಿಯಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕ ಸಿಕ್ಕಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು, ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದಿದ್ದಾರೆ, ಕಿಸೆಗೆ ಹಿಡಿಯುವಷ್ಟು ಸಣ್ಣವು, ಪಕ್ಕದ ಮನೆಯವರು ಹೇಳಿದಷ್ಟು ಸಲೀಸು. ತೊಂದರೆ ಎಂದರೆ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಯಿಲೆಯ ಹೆಸರು. ಮಗಳಿಗೆ ವರ ನೋಡುವ ಕಾಲ. ಅವ್ವ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆ ಹರಿದು ಅದಕ್ಕೆ ರಟ್ಟು ಹಾಕಿದಳು. ಬಂದವರು ನಾನು ಮರಾಠಿ ಪಂಚಾಂಗ ನೋಡಿ ಮುಹೂರ್ತ ಹುಡುಕುತ್ತಿದ್ದೇನೆಂದು ತಿಳಿದು ಕೃಷ್ಣಪಕ್ಷ ಎಂದಿಗೆ ಎಂದು ಕೇಳುವರು.

ಈ ಉಪಾಯ ನಮ್ಮ ನೆಲಕ್ಕೆ ಹೊಸದೇನಲ್ಲ. ನಿಜಾಮರ ಕಾಲದಲ್ಲಿ ಉರ್ದುವಿಗೇ ಮನ್ನಣೆಯಿದ್ದಾಗ, ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರೆಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು ಹಾಗೆ ಉಳಿಸಿದ ಕನ್ನಡದಲ್ಲೇ ನಾನು ಇಂದು ಪಗಾರ ತೆಗೆದುಕೊಳ್ಳುತ್ತೇನೆ. ಹೊರಗೆ ಬಿ.ಪಿ., ಒಳಗೆ ಮನಸ್ಸು. ಹೊರಗೆ ಕಾಲನಿರ್ಣಯ, ಒಳಗೆ ಖಿನ್ನತೆ. ಬೋರ್ಡು ಒಂದು, ಪಾಠ ಇನ್ನೊಂದು ಎನ್ನುವುದು ನಮಗೆ ರಕ್ತಗತ.

ಕನ್ನಡದಲ್ಲಿ ಮನಸ್ಸಿನ ವೈದ್ಯವನ್ನೂ ನಗೆಯನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ತಿರುಗಿದವರು ರಾಶಿ, ಅಂದರೆ ಡಾ. ಎಂ. ಶಿವರಾಂ. 1942ರಲ್ಲಿ 'ಕೊರವಂಜಿ' ಎಂಬ ನಗೆ ಪತ್ರಿಕೆ ಶುರು ಮಾಡಿದ ವೈದ್ಯರು. ಇಷ್ಟು ನಗಿಸಿದವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ 1976ರಲ್ಲಿ ಪ್ರಶಸ್ತಿ ಕೊಟ್ಟದ್ದು ಯಾವುದಕ್ಕೆ? 'ಮನಮಂಥನ'ಕ್ಕೆ, ಮನೋವೈದ್ಯದ ಪುಸ್ತಕಕ್ಕೆ. ನಗೆಗೆ ಪ್ರಶಸ್ತಿ ಕೊಡಲು ನಮ್ಮವರಿಗೆ ಯಾವಾಗಲೂ ಸ್ವಲ್ಪ ಸಂಕೋಚ.

ಗಡಿಯಲ್ಲಿರುವುದರ ಒಂದು ಲಾಭ, ಒಂದು ಭಾಷೆಯ ಸಿನಿಮಾ ಕೈಕೊಟ್ಟರೆ ಇನ್ನೊಂದು ಹಿಡಿಯಬಹುದು. 'ಆಪ್ತಮಿತ್ರ' ಬಂದ ವರ್ಷವೇ ಮರಾಠಿಯಲ್ಲಿ 'ದೇವರಾಈ' ಬಂದಿತ್ತು, ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕ್ಥನ್‌ಕರ್ ಅವರದು. ಸ್ಕಿಜೋಫ್ರೇನಿಯಾ ಹಿಡಿದವನಾಗಿ ಅತುಲ್ ಕುಲಕರ್ಣಿ. ಅದನ್ನು ನಾನು ನೋಡಿದ್ದು ಇಪ್ಪತ್ತು ವರ್ಷ ತಡವಾಗಿ, ಫೋನಿನಲ್ಲಿ. ಅದೇ ಜೋಡಿಯ 'ಕಾಸವ್', ಅಂದರೆ ಆಮೆ, 2016ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದದ್ದು. ಬದುಕು ಸಾಕಾದ ಹುಡುಗನೊಬ್ಬನನ್ನು, ತಾನೂ ಒಮ್ಮೆ ಆ ಕತ್ತಲು ಕಂಡ ಹೆಂಗಸೊಬ್ಬಳು ಕೊಂಕಣದ ಕಡಲ ದಂಡೆಯ ಮನೆಯಲ್ಲಿ ಇಟ್ಟುಕೊಳ್ಳುತ್ತಾಳೆ. ಹಾಸಿಗೆ ಕೊಡುತ್ತಾಳೆ, ಊಟ ಕೊಡುತ್ತಾಳೆ, ಸಮಯ ಕೊಡುತ್ತಾಳೆ. ದಂಡೆಯಲ್ಲಿ ಆಮೆಯ ಮೊಟ್ಟೆ ಕಾಯುವವರಿದ್ದಾರೆ. ಅವರಲ್ಲಿ ಒಬ್ಬರಾಗಿ ಮೋಹನ್ ಆಗಾಶೆ, ನಿಜ ಜೀವನದಲ್ಲೂ ಮನೋವೈದ್ಯರೇ. ಸಿನಿಮಾ ಆಮೆಯಷ್ಟೇ ನಿಧಾನ. ಜೊತೆಗೆ ಕೂತು ನೋಡಿದ ಅವ್ವ ಅರ್ಧಕ್ಕೆ, "ಏನೂ ಆಗ್ಲತ್ತಿಲ್ಲಲ್ಲೋ ಇದರಾಗ" ಅಂದಳು. ಹೌದು ಅವ್ವಾ, ಹಂಗೇ ಇರ್ತದ ಅದು, ಎಂದೆ. ಆಕೆ ನನ್ನ ಮುಖ ನೋಡಿ, ಮತ್ತೆ ಫೋನಿನ ಕಡೆ ತಿರುಗಿ, ಕೊನೆಯವರೆಗೂ ಕೂತಳು.

ಅವ್ವನ ಖಾಸಾ ಒಲವು ಧಾರಾವಾಹಿಗಳ ಮೇಲೆ. ಅಲ್ಲಿ ತಲೆಗೆ ಪೆಟ್ಟು ಬಿದ್ದರೆ ನೆನಪು ಹೋಗುತ್ತದೆ, ಇನ್ನೊಂದು ಪೆಟ್ಟು ಬಿದ್ದರೆ ಬರುತ್ತದೆ. ನನ್ನ ವಿಷಯದಲ್ಲೂ ಆಕೆ ಈ ಚಿಕಿತ್ಸೆಯನ್ನು ಪರಿಗಣಿಸಿದ್ದಳು ಎಂದು ಹೆಂಡತಿಯಿಂದ ತಿಳಿಯಿತು. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಟಿವಿಯಲ್ಲಿ ಬಂದಾಗ ಮಾತ್ರ ಆಕೆ ಗಂಭೀರಳಾದಳು. ಮರೆವಿನ ಕಾಯಿಲೆಯ ವೆಂಕೋಬರಾಯರಾಗಿ ಅನಂತ್ ನಾಗ್ ಕಳೆದುಹೋಗುತ್ತಾರೆ, ಮಗ ಊರೆಲ್ಲ ಚೀಟಿ ಅಂಟಿಸಿ ಹುಡುಕುತ್ತಾನೆ. ಮರುದಿನ ಅವ್ವ ನನ್ನಿಂದಲೇ ಒಂದು ಚೀಟಿಯಲ್ಲಿ ನನ್ನ ಫೋನ್ ನಂಬರು ಬರೆಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎಪ್ಪತ್ತು ದಾಟಿದ ಜೀವ, ತಾನು ದಾರಿ ತಪ್ಪಿದರೆ ಎಂದು ಹೆದರಿದ್ದಾಳೆಂದು ನನಗೆ ಕರುಳು ಚುರುಕ್ ಎಂದಿತು.

"ನನಗೇನಾಗ್ಯಾದ?" ಎಂದಳು. "ನೀ ಕಳದ್ರ ಬೇಕಲ್ಲ. ನಿನಗ ಫೋನ್ ಹಚ್ಚಿ, ಎಲ್ಲಿದ್ದಿ ಅಂತ ಕೇಳ್ತಿನಿ."

ಆ ಗಂಟು ಈಗಲೂ ಇದೆ. ಸೀರೆ ಬದಲಾದಾಗ ಚೀಟಿಯೂ ಬದಲಾಗುತ್ತದೆ.

2024ರ ಬೇಸಿಗೆಗೆ ಡಾಕ್ಟರು ಗುಳಿಗೆ ಇಳಿಸುತ್ತ ಬಂದಿದ್ದರು. ಬಿಸಿಲು ಕಾಲದಲ್ಲಿ ನಮ್ಮ ಕಡೆ ಎಲ್ಲರೂ ಮಾಳಿಗೆಯ ಮೇಲೆ ಮಲಗುವುದು. ಒಂದು ರಾತ್ರಿ ಊಟ ಮಾಡಿ ಮೇಲೆ ಹೋಗಿ ಒರಗಿದವನಿಗೆ ಚುಕ್ಕಿ ಎಣಿಸುವ ಮುಂಚೆಯೇ ಕಣ್ಣು ಹತ್ತಿತು. ಫೋನು ಕೆಳಗೇ ಉಳಿದಿತ್ತು. ಹಾಸಿಗೆ ಹೊತ್ತು ಹಿಂದಿನಿಂದ ಬಂದ ಅವ್ವ ಅದನ್ನೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳಂತೆ.

ಬೆಳಿಗ್ಗೆ ಎಚ್ಚರವಾದಾಗ ಬಿಸಿಲು ಮುಖಕ್ಕೆ ಬಂದಿತ್ತು. ಅವ್ವ ಪಕ್ಕದಲ್ಲಿ ಹಾಸಿಗೆ ಸುತ್ತುತ್ತಿದ್ದಳು.

"ರಾತ್ರಿ ಮಹಾರಾಷ್ಟ್ರದವ್ರು ಫೋನ್ ಮಾಡಿದ್ರು ಯಪ್ಪಾ," ಅಂದಳು. "ಮಲ್ಕೊಂಡಾನ, ಬೆಳಿಗ್ಗಿ ಮಾಡ್ರಿ ಅಂತ ಹೇಳಿಬಿಟ್ಟಿನಿ."